ಕೊಸರಿನ ಒಂದು ಇಂಚು

ನಿನ್ನೆ ಬೆಳಿಗ್ಗೆ ಮಂಚದ ಕೆಳಗೆ ಪೊರಕೆ ಆಡಿಸುತ್ತಿದ್ದೆ. ಅಲ್ಲಿ ಏನೇನು ಸಿಗುತ್ತದೆಂದು ಪೂರ್ತಿ ಹೇಳಿದರೆ ನನ್ನ ಮನೆವಾರ್ತೆಯ ಮೇಲೆ ನಿಮಗಿರುವ ಒಳ್ಳೆಯ ಅಭಿಪ್ರಾಯ ಉಳಿಯುವುದಿಲ್ಲ. ಒಂಟಿ ಕಾಲುಚೀಲ, ತಲೆಪಿನ್ನು, ಹೋದ ಬೇಸಿಗೆಯ ಒಂದು ಮಾವಿನ ವಾಟೆ. ಇಷ್ಟು ಹೇಳಿದರೆ ಸಾಕು. ಪೊರಕೆಯ ಹಿಡಿ ಮಂಚದ ಕಾಲಿಗೆ ಬಡಿದದ್ದೇ ತಡ, ಏನೋ ‘ಟಣ್’ ಎಂದು ಹಾರಿ ಗೋಡೆಗೆ ತಗುಲಿ, ಉರುಳಿಕೊಂಡು ಬಂದು ನನ್ನ ಹೆಬ್ಬೆರಳಿನ ಪಕ್ಕ ನಿಂತಿತು. ಮಂಚ ಗೊಣಗುತ್ತಾ ಒಂದು ಕಡೆಗೆ ವಾಲಿಕೊಂಡಿತು.

ಚೌಕ ಪೈಪಿನ ಒಂದು ಕಬ್ಬಿಣದ ತುಂಡು. ಉದ್ದ, ಅಗಲ, ಎತ್ತರ ಎಲ್ಲ ಸುಮಾರು ಒಂದೇ. ಮಕ್ಕಳಾಟದ ದಾಳದ ಹಾಗೆ, ಆದರೆ ನಡುವೆ ಟೊಳ್ಳು. ಅದನ್ನು ಮಂಚದ ಕಾಲಿನಡಿ ಇಟ್ಟವಳು ನಾನೇ. ಇಷ್ಟು ವರ್ಷ ಅದರ ಮೇಲೆಯೇ ಮಲಗಿ ಎದ್ದವಳೂ ನಾನೇ. ಆದರೂ ಅದನ್ನು ಕಂಡು ಹಾವನ್ನು ತುಳಿದವಳ ಹಾಗೆ ಹಿಂದಕ್ಕೆ ಹಾರಿದೆ. ಮನೆಯೊಳಗೇ ಇರುವ ವಸ್ತುವಿಗೆ ಹೀಗೆ ಬೆಚ್ಚಿಬೀಳಿಸುವ ಶಕ್ತಿ ಎಲ್ಲಿಂದ ಬರುತ್ತದೋ!

ಅದನ್ನು ಕೈಯಲ್ಲಿ ಹಿಡಿದು ನಿಂತಿರುವಾಗಲೇ ಫೋನು ಬಂತು. ರಹಮತ್ ಸಾಬರ ಮಗಳು ನಸೀಮಾ.

"ಆಂಟೀ, ಅಬ್ಬಾ ಜಾರಿ ಬಿದ್ದವ್ರೆ. ಸೊಂಟದ ಮೂಳೆ ಸೀಳು ಬಿಟ್ಟಿದೆ. ನೆಲದ ಮೇಲೆ ಮಲಗೋ ಹಂಗಿಲ್ಲ, ಕೂರೋ ಹಂಗಿಲ್ಲ, ಮಂಚದ ಮೇಲೇ ಇರ್ಬೇಕು ಅಂತ ಡಾಕ್ಟರು ಹೇಳವ್ರೆ. ಇವ್ರು ನೋಡಿದ್ರೆ ಮಂಚಕ್ಕೆ ಹತ್ತಲ್ಲ ಅಂತಾರೆ. ನಿನ್ನೆಯಿಂದ ಕುರ್ಚೀಲೇ ಕೂತವ್ರೆ. ಮುಖ ಎಲ್ಲಾ ಬಾತ್ಕೊಂಡಿದೆ."

"ಯಾಕಮ್ಮಾ ಹತ್ತಲ್ಲ?"

"ಅರ್ಜೆಂಟಾಗಿ ಬಜಾರಿಂದ ಒಂದು ಮಂಚ ತಂದೆ ಆಂಟೀ. ಡಬ್ಬ ಬಿಚ್ಚಿದ್ಮೇಲೆ ಗೊತ್ತಾಯ್ತು, ಶೀನ ಮಾಮೂ ಫ್ಯಾಕ್ಟರೀದು ಅಂತ."

ನನ್ನ ಎದೆ ಧಸಕ್ಕೆಂದಿತು. ಅಂಗಡಿಯಲ್ಲಿ ಅಷ್ಟೊಂದು ಮಂಚಗಳಿರುವಾಗ ಆ ಹುಡುಗಿಯ ಕೈ ಅದೊಂದರ ಮೇಲೇ ಬೀಳಬೇಕೇ? ನೀವೂ ಬೆಚ್ಚಿಬೀಳಬೇಕಾದರೆ ಸ್ವಲ್ಪ ಹಿಂದಿನ ಮಾತು ಹೇಳಬೇಕು.

ಶೀನ ನನ್ನ ಅಣ್ಣ. ಒಂದು ಕಾಲದಲ್ಲಿ ಮುಳಬಾಗಿಲಿನಲ್ಲಿ ಶೀನ, ರಹಮತ್ ಸಾಬ್ ಎಂಬ ಎರಡು ಹೆಸರುಗಳನ್ನು ಜನ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಂಗಲಿಯ ಕಡೆ ಹೋಗುವ ರಸ್ತೆಯಲ್ಲಿ, ಲಾರಿಯವರು ಟೀಗೆ ನಿಲ್ಲಿಸುವ ಜಾಗದ ಪಕ್ಕ, ಇಬ್ಬರದೂ ಸೇರಿ ಒಂದು ತಗಡಿನ ಶೆಡ್ಡಿತ್ತು. ಅಲ್ಲಿ ಮಂಚ ಮಾಡುತ್ತಿದ್ದರು. ರಹಮತ್ ಸಾಬರ ತಂದೆ ನಂಗಲಿಯಲ್ಲಿ ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದವರು. ಮಗ ಮಂಚಕ್ಕೆ ಇಳಿದದ್ದು ಏಕೆಂದು ಕೇಳಿದರೆ, "ಲಾರಿ ಕಟ್ಟಿಕೊಟ್ರೆ ಓಡೋಗ್ಬಿಡ್ತದೆ ತಂಗೀ. ಮಂಚ ಆದ್ರೆ ಊರಲ್ಲೇ ಇರ್ತದೆ, ನಮ್ಮ ಹೆಸರು ಹೇಳ್ಕೊಂಡು" ಎನ್ನುತ್ತಿದ್ದರು. ಮೊದಮೊದಲು ಮರದ ಮಂಚ. ಯಲ್ದೂರಿನ ತೋಟಗಳಲ್ಲಿ ಫಲ ಬಿಡದೆ ಮುದಿಯಾದ ಮಾವಿನ ಮರ, ಇಲ್ಲದಿದ್ದರೆ ಬೇವು. ಅಣ್ಣ ಸೇರಿಕೊಂಡ ಮೇಲೆ ಕಬ್ಬಿಣದ ಪೈಪಿನ ಮಂಚ. ಓಡಾಟ ಅಣ್ಣನದು, ಕೈ ಮತ್ತು ಬಾಯಿ ರಹಮತ್ ಸಾಬರದು.

ಬಾಯಿಯೆಂದರೆ ಎಂಥ ಬಾಯಿ! ಆಳು ಕುಳ್ಳು, ಮಾತು ಉದ್ದ. "ಮುಳಬಾಗಿಲಲ್ಲಿ ಅರ್ಧ ಊರು ನನ್ನ ಮಂಚದಿಂದಾನೇ ಬಂದಿರೋದು" ಎಂದು ನಡುಬೀದಿಯಲ್ಲಿ ನಿಂತು ಹೇಳಬಲ್ಲವರು. ನಮ್ಮಮ್ಮ ತೆಲುಗು ಮನೆಯಿಂದ ಬಂದವಳು. ಸಿಟ್ಟು ಬಂದಾಗಲೂ ನಗು ಬಂದಾಗಲೂ ಅವಳ ನಾಲಿಗೆಗೆ ತೆಲುಗೇ ಬರುತ್ತಿತ್ತು. "ಸಿಗ್ಗುಲೇನಿ ಮನಿಷಿ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಅದೇ ನಾಚಿಕೆಗೇಡಿ ಮನುಷ್ಯನಿಗೆ ಎರಡನೆಯ ಲೋಟ ಕಾಫಿ ಬಗ್ಗಿಸುತ್ತಿದ್ದಳು.

ಅವರ ಮಂಚಕ್ಕೊಂದು ಚಾಳಿಯಿತ್ತು. ಆರಡಿ ಮಂಚ ಬೇಕೆಂದರೆ ಆರಡಿ ಒಂದು ಇಂಚು ಇರುತ್ತಿತ್ತು. ಆರೂವರೆ ಎಂದರೆ ಅದಕ್ಕೂ ಮೇಲೊಂದು ಇಂಚು. ತೊಟ್ಟಿಲಿಗೂ ಅಷ್ಟೇ. "ಇದೇನು ಸಾಬ್ರೇ, ಜಾಸ್ತಿ ಇದೆ?" ಎಂದು ಕೇಳಿದರೆ ಒಂದೇ ಮಾತು: "ಕೊಸರು."

ಕೊಸರು ನಿಮಗೆ ಗೊತ್ತಿರುವುದೇ. ಸೊಪ್ಪಿನವಳು ಕಟ್ಟು ಕೊಟ್ಟ ಮೇಲೆ ಒಂದು ಹಿಡಿ ದಂಟನ್ನು ಮೇಲೆ ಹಾಕುತ್ತಾಳಲ್ಲ, ಹಾಲಿನವನು ಅಳೆದಾದ ಮೇಲೆ ಒಂದು ಗುಟುಕು ಸುರಿಯುತ್ತಾನಲ್ಲ, ಅದು. ತೆಲುಗಿನಲ್ಲೂ ಅದೇ ಮಾತು. ನಮ್ಮ ಕಡೆಯ ಸಾಬರ ಮಾತಿನೊಳಗೂ ಅದು ಹೇಗೋ ನುಸುಳಿಕೊಂಡಿದೆ. ನಾನಂತೂ ಅದು ವ್ಯಾಪಾರದ ಔದಾರ್ಯ ಎಂದುಕೊಂಡಿದ್ದೆ. ಅಪ್ಪ ತೀರಿಕೊಂಡ ದಿನದವರೆಗೆ ಹಾಗೇ ಅಂದುಕೊಂಡಿದ್ದೆ.

ನಮ್ಮಲ್ಲಿ ಹೂಳುವುದು. ಆ ದಿನ ಅಣ್ಣ ಮೂಲೆ ಹಿಡಿದು ಕೂತುಬಿಟ್ಟಿದ್ದ. ತೋಟದಲ್ಲಿ ಗುಂಡಿ ತೋಡುವವರಿಗೆ ಅಳತೆ ಕೊಡಬೇಕಿತ್ತು. ರಹಮತ್ ಸಾಬರು ಒಂದು ಹುರಿ ತೆಗೆದುಕೊಂಡು ಬಂದು ಅಪ್ಪನ ಪಕ್ಕ ಮೊಣಕಾಲೂರಿ ಕೂತು, ತಲೆಯಿಂದ ಹಿಮ್ಮಡಿಯವರೆಗೆ ಎಳೆದು ಹಿಡಿದು ಗಂಟು ಹಾಕಿದರು. ದುಃಖದಲ್ಲಿ ಮನುಷ್ಯರಿಗೆ ಎಂಥ ಮಾತು ಬರುತ್ತದೆಂದು ಹೇಳಲಾಗದು. ಶೆಡ್ಡಿನಲ್ಲಿ ಕೇಳಿ ಕೇಳಿ ರೂಢಿಯಾಗಿದ್ದ ನನ್ನ ಬಾಯಿಗೆ, "ಸಾಬಣ್ಣಾ, ಕೊಸರು ಬಿಟ್ಟು ಗಂಟು ಹಾಕಿ" ಎಂದು ಬಂದುಬಿಟ್ಟಿತು.

ಅವರು ತಲೆಯೆತ್ತಿ ನೋಡಿದರು. ಆ ಮುಖದಲ್ಲಿ ಅಷ್ಟು ಕಡಿಮೆ ಮಾತನ್ನು ನಾನು ಮೊದಲು ಕಂಡಿರಲಿಲ್ಲ.

"ಇದಕ್ಕೊಂದಕ್ಕೆ ಕೊಸರಿಲ್ಲ ತಂಗೀ. ಹೇಳಿದ ಅಳತೆಗೆ ಸರಿಯಾಗಿ ಮಾಡೋ ಹಾಸಿಗೆ ಅಂದ್ರೆ ಇದೊಂದೇ. ನಮ್ಮಲ್ಲೂ ಅಷ್ಟೇ, ನಿಮ್ಮಲ್ಲೂ ಅಷ್ಟೇ. ಬದುಕಿರೋರಿಗೆ ಒಂದಿಂಚು ಜಾಸ್ತಿ ಇರ್ಬೇಕು, ಹೊರಳೋಕೆ."

ಅಪ್ಪ ಸತ್ತದ್ದಕ್ಕೆ ಅಳುತ್ತಿದ್ದವಳು ಒಂದು ಗಳಿಗೆ ಅಳುವುದನ್ನೂ ಮರೆತೆ. ನಮ್ಮ ಮನೆಯ ತೊಟ್ಟಿಲು, ಮದುವೆಗೆ ಕೊಟ್ಟ ಮಂಚ, ಅಮ್ಮನ ಹಗ್ಗದ ಮಂಚ ಎಲ್ಲವೂ ಆ ಹುರಿಯ ಗಂಟಿಗಿಂತ ಒಂದು ಇಂಚು ಆಚೆಗೆ ನಿಂತು ನಮ್ಮನ್ನು ಕಾಯುತ್ತಿದ್ದವು ಎಂದು ಆಗ ಹೊಳೆಯಿತು. ಇಂಥ ದೊಡ್ಡ ವಿಷಯವನ್ನು ಸೊಪ್ಪಿನವಳ ಮಾತಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯನನ್ನು ಏನೆನ್ನುವುದು?

ಇನ್ನು ಮಿಲ್ಲಿಮೀಟರಿನ ಸಮಾಚಾರ. ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಮೀಟರು, ಸೆಂಟಿಮೀಟರು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡು, ಮನೆಗೆ ಬಂದು ಅಡಿ ಇಂಚಿನಲ್ಲಿ ಬದುಕಿದೆವು. ಈಗಲೂ ನನ್ನ ಸಂಸಾರ ನೋಡಿ: ಸೀರೆಯ ಫಾಲ್ಸು ಮೀಟರಿನಲ್ಲಿ, ರವಿಕೆಯ ತೋಳು ಇಂಚಿನಲ್ಲಿ, ಹಾಲು ಲೀಟರಿನಲ್ಲಿ, ಕನಕಾಂಬರ ಮೊಳದಲ್ಲಿ, ಅದೂ ಹೂವಿನವಳ ಮೊಳ, ಅವಳ ತೋಳೋ ಗೇಣುದ್ದ. ಸೈಟು ಮೂವತ್ತು ನಲವತ್ತು ಅಡಿ, ತೋಟ ಗುಂಟೆ. ಯಾವುದಾದರೂ ಒಂದು ಅಳತೆಯಲ್ಲಿ ನನ್ನ ಇಡೀ ದಿನವನ್ನು ಅಳೆಯಲು ಹೇಳಿದರೆ ಸಾಯಂಕಾಲದೊಳಗೆ ನಾನೇ ಕಳೆದುಹೋಗುತ್ತೇನೆ.

ಶೆಡ್ಡಿಗೆ ಹೊಸ ಅಳತೆ ಬಂದದ್ದು ಸರ್ಕಾರ ಹೇಳಿತೆಂದಲ್ಲ. ನಟ್ಟು ಬೋಲ್ಟಿನ ಚೀಲದಲ್ಲಿ ಬಚ್ಚಿಟ್ಟುಕೊಂಡು ಬಂತು. ಒಂದು ದಿನ ಬೆಂಗಳೂರಿನಿಂದ ಬಂದ ಬೋಲ್ಟುಗಳಿಗೆ ಶೆಡ್ಡಿನಲ್ಲಿದ್ದ ಅರ್ಧ ಇಂಚಿನ ನಟ್ಟು ಹಾಕಿದರೆ, ಹೋಯಿತು, ತಿರುಗಿತು, ತಿರುಗುತ್ತಲೇ ಇತ್ತು. ಬಿಗಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಸಡಿಲ. ಬೋಲ್ಟು ಹನ್ನೆರಡು ಮಿಲ್ಲಿಮೀಟರಿನದು. ಅರ್ಧ ಇಂಚಿಗಿಂತ ಒಂದು ಕೂದಲೆಳೆ ಸಣ್ಣದು. ರಹಮತ್ ಸಾಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ನಿಕಾಹ್ ಅಲ್ಲ ಶೀನಾ, ಬರೀ ಸಲಾಂ ಅಲೈಕುಂ" ಎಂದರು. ಆಮೇಲೆ ಪೈಪು ಬಂತು: ಒಂದು ಇಂಚು ಎನ್ನುತ್ತಾ ಇಪ್ಪತ್ತೈದು ಮಿಲ್ಲಿಮೀಟರು. ಹಳೆಯ ಕಾಲಿಗೆ ಹೊಸ ಪೈಪು ಗಡಗಡ. ಹೀಗೆ ಒಂದೊಂದೇ ವಸ್ತು, ಹೆಸರು ಹಳೆಯದೇ ಇಟ್ಟುಕೊಂಡು, ಒಳಗಿನಿಂದ ಬದಲಾಗಿಬಿಟ್ಟಿತ್ತು.

ಆ ಹೊತ್ತಿಗೆ ಮಾಲೂರಿನ ಒಂದು ಕಾರ್ಖಾನೆಯಿಂದ ಅಣ್ಣನಿಗೆ ಆರ್ಡರು ಸಿಕ್ಕಿತು. ಕೆಲಸಗಾರರ ಹಾಸ್ಟೆಲ್ಲಿಗೆ ಮಂಚ. ಒಂದೆರಡಲ್ಲ, ಒಂದು ಲಾರಿ ತುಂಬ. ಬಂದದ್ದು ಬಾಯಿಮಾತಲ್ಲ, ಡ್ರಾಯಿಂಗು, ಎಲ್ಲವೂ ಮಿಲ್ಲಿಮೀಟರಿನಲ್ಲಿ. ಉದ್ದ ಸಾವಿರದ ಎಂಟುನೂರ ಮೂವತ್ತು. ಅಣ್ಣ ಅದನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಬಿಡಿಸಿಟ್ಟು, ಹೊಸ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದ.

"ಆರಡಿ ಕಣಯ್ಯಾ, ಅವರ ಭಾಷೇಲಿ" ಎಂದ ರಹಮತ್ ಸಾಬರಿಗೆ.

"ಹಂಗಾದ್ರೆ ಆರಡಿ ಒಂದಿಂಚು."

"ಇದರಲ್ಲಿ ಕೊಸರು ಗಿಸರು ಇಲ್ಲ. ಡ್ರಾಯಿಂಗ್ ಅಂದ್ರೆ ಡ್ರಾಯಿಂಗು."

"ಕೊಸರಿಲ್ದೆ ಮಂಚ ಮಾಡೋ ಕಸುಬು ಬೇರೆ ಇದೆ ಶೀನಾ. ಅದಕ್ಕೆ ಗುದ್ದಲಿ ಬೇಕು, ವೆಲ್ಡಿಂಗ್ ಬೇಡ."

ಅಮ್ಮನಿಗೆ ಗಾಬರಿಯಾಯಿತು. ಇಬ್ಬರನ್ನೂ ಬಿಟ್ಟುಕೊಡುವ ಹಾಗಿಲ್ಲ. ಹುಣಿಸೆಹಣ್ಣು ಬಿಡಿಸುತ್ತಾ ಕೂತವಳು ತೀರ್ಪು ಕೊಟ್ಟಳು. "ನೂರರ ಮೇಲೆ ಒಂದು ರೂಪಾಯಿ ಇಡಲ್ವಾ? ಹಂಗೇ. ಅವರದು ಇಂಚಾದ್ರೆ ಒಂದು ಇಂಚು, ಮಿಲ್ಲಿಮೀಟರಾದ್ರೆ ಒಂದು ಮಿಲ್ಲಿಮೀಟರು. ಒಂದು ಅಂದ್ರೆ ಒಂದೇ ಕದಾ?"

ಅಣ್ಣ ಒಪ್ಪಿದ. ಒಂದು ಮಿಲ್ಲಿಮೀಟರನ್ನು ಯಾರೂ ಕೇಳುವುದಿಲ್ಲ. ರಹಮತ್ ಸಾಬರು ಸ್ಕೇಲಿನ ಮೇಲೆ ಆ ಒಂದು ಗೆರೆಯನ್ನು ಹುಡುಕಿ, ಕನ್ನಡಕ ಹಾಕಿಕೊಂಡು ನೋಡಿ, "ಅಮ್ಮಾ, ಇಷ್ಟು ಉಗುರಲ್ಲಿ ಮಣ್ಣಿರ್ತದೆ. ಇದನ್ನ ನೋಡ್ಬೇಕಾದ್ರೆ ಮೇಲಿರೋನೂ ಚಷ್ಮಾ ಹಾಕ್ಬೇಕು" ಎಂದರು. ಆದರೂ ‘ಆಯ್ತು’ ಎಂದರು. ಅಮ್ಮನ ಎದುರು ‘ಇಲ್ಲ’ ಎಂದು ಅವರಿಗೆ ಅಭ್ಯಾಸವಿರಲಿಲ್ಲ.

ಲಾರಿ ಹೊರಟ ದಿನ ನಾನೂ ಹತ್ತಿದೆ. ಮಾಲೂರಿನಲ್ಲಿ ನನ್ನ ನಾದಿನಿಯ ಮನೆ. ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಅಲ್ಲಿ ಇಳಿದು ಹತ್ತುವುದಕ್ಕಿಂತ ಅಣ್ಣನ ಪಕ್ಕ ಕೂತು ಹೋದರೆ ಆಯಿತೆಂದು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟಿದ್ದೆ. ಅಣ್ಣ ಇಸ್ತ್ರಿ ಅಂಗಿ ಹಾಕಿದ್ದ. ದಾರಿಯುದ್ದಕ್ಕೂ ಹಿಂದೆ ಮಂಚಗಳು ಒಂದಕ್ಕೊಂದು ತಾಗಿ ಮದುವೆಯ ಓಲಗದ ಹಾಗೆ ಸದ್ದು ಮಾಡುತ್ತಿದ್ದವು.

ಹಾಸ್ಟೆಲ್ಲಿನ ಕೋಣೆಗಳಲ್ಲಿ ಗೋಡೆಗೆ ಗೂಡುಗಳನ್ನು ಕಟ್ಟಿದ್ದರು. ಒಂದೊಂದು ಗೂಡಿಗೆ ಒಂದೊಂದು ಮಂಚ, ತಲೆದೆಸೆಗೂ ಕಾಲುದೆಸೆಗೂ ಇಟ್ಟಿಗೆ ಗೋಡೆ. ಮೊದಲ ಮಂಚವನ್ನು ಎತ್ತಿ ಒಳಗೆ ತಳ್ಳಿದರು. ಅರ್ಧ ಹೋಗಿ ನಿಂತಿತು. ಓರೆ ಮಾಡಿ ತಳ್ಳಿದರು, ಗೋಡೆಯ ಗಾರೆ ಉದುರಿತು, ಮಂಚ ಹೋಗಲಿಲ್ಲ. ಶಾಲೆಯ ಬಾಗಿಲಿಗೆ ಕಾಲು ಕೊಟ್ಟು ನಿಂತ ಮಗುವಿನ ಹಾಗೆ ನಿಂತುಬಿಟ್ಟಿತು. ಎರಡನೆಯದು ತಂದರು. ಅದೂ ಅಷ್ಟೇ.

ಅಲ್ಲಿನ ಇಂಜಿನಿಯರು ಕೋಲಾರದ ಕಡೆಯ ಹುಡುಗಿ. ತುಂಬ ಮರ್ಯಾದೆಯವಳು. ಟೇಪು ಹಿಡಿದು ಲಾರಿ ಹತ್ತಿ ಒಂದೊಂದನ್ನೂ ಅಳೆದು ಇಳಿದಳು.

"ಸಾರ್, ಇಪ್ಪತ್ತೈದು ಜಾಸ್ತಿ ಇದೆ."

"ಇಪ್ಪತ್ತೈದು ಮಂಚ ಹೆಚ್ಚು ಬಂದವಾ?" ಎಂದ ಅಣ್ಣ, ಪಾಪ.

"ಅಲ್ಲ ಸಾರ್. ಪ್ರತಿ ಮಂಚಾನೂ ಇಪ್ಪತ್ತೈದು ಮಿಲ್ಲಿಮೀಟರ್ ಉದ್ದ. ಒಂದಿಂಚು. ಒಂದೋ ಎರಡೋ ಆಗಿದ್ರೆ ತಪ್ಪು ಅನ್ನಬಹುದಿತ್ತು. ಎಲ್ಲಾನೂ ಒಂದೇ ಸಮ ಇದೆ. ಇದು ಯಾರೋ ಬೇಕಂತಾನೇ ಮಾಡಿರೋದು."

ಅಣ್ಣನ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ನಾದಿನಿಯ ಮನೆಗೆ ಹೋಗುವುದು ನನಗೂ ಮರೆತೇ ಹೋಯಿತು. ಅದೇ ಲಾರಿಯಲ್ಲಿ, ಅವೇ ಮಂಚಗಳ ಜೊತೆ ಮುಳಬಾಗಿಲಿಗೆ ವಾಪಸಾದೆವು. ಈಗ ಅವುಗಳ ಸದ್ದು ಓಲಗದ ಹಾಗಿರಲಿಲ್ಲ. ಚಿತ್ರಾನ್ನದ ಡಬ್ಬಿ ಹಾಗೇ ಮಡಿಲಲ್ಲಿತ್ತು.

ಶೆಡ್ಡಿನ ಮುಂದೆ ರಹಮತ್ ಸಾಬರು ಖಾಲಿ ಡ್ರಮ್ಮಿನ ಮೇಲೆ ಕೂತಿದ್ದರು. ತುಂಬಿದ ಲಾರಿ ಕಂಡು ಎದ್ದು ನಿಂತರು.

"ಅಮ್ಮನ ಮುಂದೆ ಆಯ್ತು ಅಂದ್ಯಲ್ಲೋ!" ಎಂದ ಅಣ್ಣ.

"ಬಾಯಲ್ಲಿ ಅಂದೆ. ಕೈ ಕೇಳಲಿಲ್ಲ."

"ನಿನ್ನ ಕೊಸರು ನನ್ನ ಮರ್ಯಾದೆ ತೆಗೀತು ಸಾಬೂ. ಅವರು ಕೇಳಿದ್ದು ಕೊಡೋದು ನಮ್ಮ ಕೆಲಸ."

"ಅಲ್ಲಿ ಮಲಗೋರು ನಿನ್ನ ಕೇಳಿದ್ರಾ? ಗೂಡು ಕಟ್ಟಿದೋರು ಕೇಳಿದ್ರು, ಅಷ್ಟೇ."

ಆಗ ಅಣ್ಣ ಒಂದು ಮಾತು ಅಂದ. "ಇನ್ಮೇಲೆ ನಿನ್ನ ಕೈಗೆ ಟೇಪು ಕೊಡಲ್ಲ."

ಬೈದಿದ್ದರೆ ಆಗುತ್ತಿತ್ತು. ಬೈಗುಳವನ್ನು ರಹಮತ್ ಸಾಬರು ಅಲ್ಲಲ್ಲೇ ಬಡ್ಡಿ ಸಮೇತ ತೀರಿಸಿ ನಗುತ್ತಿದ್ದರು. ಈ ಮಾತಿಗೆ ನಗಲಿಲ್ಲ. ಡ್ರಮ್ಮಿನ ಮೇಲೆ ಮತ್ತೆ ಕೂತರು. ಅವರ ಕಣ್ಣೆದುರಿಗೇ ಅಣ್ಣ ಕತ್ತರಿಸುವ ಮಿಷನ್ನು ಹಿಡಿದು ಮಂಚಗಳನ್ನು ಒಂದೊಂದಾಗಿ ಮಲಗಿಸಿ, ಎರಡೂ ಪಕ್ಕದ ಪೈಪಿನಿಂದ ಒಂದೊಂದು ಇಂಚು ತೆಗೆಯತೊಡಗಿದ. ಕಿಡಿಗಳು ಶೆಡ್ಡಿನ ತಗಡಿಗೆ ಹಾರುತ್ತಿದ್ದವು. ತುಂಡುಗಳು ಸಿಮೆಂಟಿನ ಮೇಲೆ ‘ಟಣ್, ಟಣ್’ ಎಂದು ಬೀಳುತ್ತಿದ್ದವು. ಬಾಲ ಕಡಿದ ಮೀನುಗಳ ಹಾಗೆ ಮಂಚಗಳು ಸಾಲಾಗಿ ಬಿದ್ದಿದ್ದವು. ಒಂದು ತುಂಡು ನನ್ನ ಕಾಲ ಬಳಿ ಉರುಳಿ ಬಂತು. ಬಗ್ಗಿ ಎತ್ತಲು ಹೋದೆ.

"ಬಿಡು ತಂಗೀ, ಸುಡ್ತದೆ" ಎಂದರು ರಹಮತ್ ಸಾಬರು.

ಆ ಶೆಡ್ಡಿನಲ್ಲಿ ಅವರು ಆಡಿದ ಕೊನೆಯ ಮಾತು ಅದು. ಹಿಂದಿರುಗಿ ನೋಡುವಷ್ಟರಲ್ಲಿ ಡ್ರಮ್ಮಿನ ಮೇಲೆ ಅವರಿರಲಿಲ್ಲ. ನಾನು ಆರಿದ ಮೇಲೆ ತುಂಡನ್ನು ಎತ್ತಿ ಚಿತ್ರಾನ್ನದ ಚೀಲದೊಳಗೆ ಹಾಕಿಕೊಂಡೆ. ಏಕೆಂದು ಕೇಳಬೇಡಿ. ಉಪಯೋಗಕ್ಕೆ ಬರುತ್ತದೆಂದು ಏನೇನನ್ನೋ ಎತ್ತಿಡುವುದು ನನ್ನ ಹುಟ್ಟುಗುಣ. ಮನೆಗೆ ಬಂದಾಗ ನಮ್ಮ ಮಂಚ ಕುಂಟುತ್ತಿತ್ತು, ಅದರ ಕಾಲಿಗೆ ಸರಿಹೋಯಿತು.

ಆಮೇಲೆ ವರ್ಷಗಳು ಹೋದವು. ಅಣ್ಣ ಶೆಡ್ಡು ಮುಚ್ಚಿ ಮಾಲೂರಿಗೇ ಹೋಗಿ ಫ್ಯಾಕ್ಟರಿ ಮಾಡಿದ. ಈಗ ಅಲ್ಲಿ ಕಂಪ್ಯೂಟರಿಗೆ ಹೇಳಿದರೆ ಮಿಷನ್ನೇ ಪೈಪು ಕತ್ತರಿಸುತ್ತದೆ. ಮಂಚ ಬಿಡಿಬಿಡಿಯಾಗಿ ರಟ್ಟಿನ ಡಬ್ಬದಲ್ಲಿ ಕೂತು, ತಿರುಗಿಸುವ ಕೀಲಿಯ ಸಮೇತ ಅಂಗಡಿಗೆ ಹೋಗುತ್ತದೆ. ಇಂಚ್‌ಟೇಪು ಕಂಡರೆ ಅಣ್ಣ ಕಸದ ಬುಟ್ಟಿಗೆ ಹಾಕುತ್ತಾನೆಂದು ಅಲ್ಲಿನವರು ನಗುತ್ತಾರೆ. ರಹಮತ್ ಸಾಬರು ಮುಳಬಾಗಿಲಿನಲ್ಲೇ ಬಾಗಿಲು, ಕಿಟಕಿ, ಚಿಲಕ ಎಂದು ಸಣ್ಣಪುಟ್ಟ ಕೆಲಸ ಮಾಡಿಕೊಂಡು ಉಳಿದರು. ಮಂಚ ಮಾಡಲಿಲ್ಲ. ಅಮ್ಮ ಹೋದಾಗ ಇಬ್ಬರೂ ಬಂದಿದ್ದರು; ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ನಿಂತು, ನಡುವೆ ಇದ್ದ ಅಮ್ಮನ ಆಚೆಗೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಈಗ ಗೊತ್ತಾಯಿತಲ್ಲ, ನಸೀಮಾ ತಂದ ಮಂಚಕ್ಕೆ ನನ್ನ ಎದೆ ಏಕೆ ಧಸಕ್ಕೆಂದಿತೆಂದು.

ನಿನ್ನೆ ಮಧ್ಯಾಹ್ನ ಹೋದೆ. ಏಕೋ ಏನೋ, ಆ ತುಂಡನ್ನೂ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ರಹಮತ್ ಸಾಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿ ಕೂತಿದ್ದರು. ಮುಖದ ತುಂಬ ಬಿಳಿ ಕೂಳೆಗಡ್ಡ, ಹಣೆಯಲ್ಲಿ ನೋವಿನ ಬೆವರು, ಪಾದಗಳೆರಡೂ ಊದಿಕೊಂಡು ಹೊಳೆಯುತ್ತಿದ್ದವು. ಎರಡು ಮಾರು ದೂರದಲ್ಲಿ ಹೊಸ ಮಂಚ, ಮೇಲೆ ಹೂವಿನ ಚಾದರ. ಈ ಹಟ ಇನ್ನೆರಡು ದಿನ ನಡೆದರೆ ಇವರು ಮತ್ತೆ ಎದ್ದು ಓಡಾಡುವುದಿಲ್ಲ ಎಂದು ನನಗೆ ಕಂಡುಹೋಯಿತು.

"ಏನ್ ಸಾಬಣ್ಣಾ ಇದು, ಮಕ್ಕಳ ಹಂಗೆ?"

"ಬಾ ತಂಗೀ. ನೋಡಿದ್ಯಾ ನಿಮ್ಮಣ್ಣನ ಕಂಪ್ಯೂಟರ್ ಮಂಚ? ಅಳತೆಗೆ ಸರಿಯಾಗಿ ಮಾಡವ್ನೆ. ನಾನು ಹತ್ತಿ ಮಲಗೋದು, ಆಮೇಲೆ ನಾಲ್ಕು ಜನ ಬಂದು ಎತ್ತೋದು, ಅಷ್ಟೇ ಬಾಕಿ."

"ನೀವಿರೋದೇ ಐದಡಿ ಮೇಲೆ ಚೂರು. ಮಂಚ ಆರಡಿ. ಹೊರಳೋಕೆ ಬೇಕಾದಷ್ಟು ಜಾಗ ಇದೆ."

"ಮಾತು ನನ್ನ ಉದ್ದದ್ದಲ್ಲ, ಮಂಚದ್ದು. ಕೊಸರಿದ್ರೆ ಮಂಚ, ಇಲ್ದಿದ್ರೆ ಪೆಟ್ಟಿಗೆ."

ನಸೀಮಾ ಬಾಗಿಲ ಸಂದಿಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ನನಗೆ ಅಮ್ಮನ ತೀರ್ಪು ನೆನಪಾಯಿತು. ಕಾರ್ಖಾನೆಯ ಮಾಲು ಎಂದರೂ ಒಂದೋ ಎರಡೋ ಮಿಲ್ಲಿಮೀಟರು ಹೆಚ್ಚಿರದೆ ಇರುತ್ತದೆಯೇ? ಅಷ್ಟು ತೋರಿಸಿ, ‘ಒಂದು ಅಂದ್ರೆ ಒಂದೇ ಕದಾ’ ಎಂದು ಅಮ್ಮನ ಹೆಸರು ಹೇಳಿ ಒಪ್ಪಿಸೋಣ ಎಂದುಕೊಂಡು, "ನಿನ್ನ ಹೊಲಿಗೆ ಟೇಪು ಕೊಡಮ್ಮಾ" ಎಂದೆ.

ಹೊಲಿಗೆಯ ಟೇಪು ಐದೇ ಅಡಿ. ಮಂಚವನ್ನು ಎರಡು ಸಲಕ್ಕೆ ಅಳೆಯಬೇಕು. ಐದಡಿ ಮುಗಿದ ಕಡೆ ಬೆರಳೊತ್ತಿ ಹಿಡಿದು, ಅಲ್ಲಿಂದ ಮುಂದಕ್ಕೆ ಎಳೆದೆ. ಹನ್ನೆರಡು ಇಂಚಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನ ಬೆರಳು ಜಾರಿರಬೇಕೆಂದು ಮತ್ತೆ ಅಳೆದೆ. ನಸೀಮಾಳ ಕೈಲಿ ಒಂದು ತುದಿ ಹಿಡಿಸಿ ಇನ್ನೊಮ್ಮೆ ಅಳೆದೆ. ಕಡೆಯ ಪೈಪು ಹದಿಮೂರರ ಮೇಲೆಯೇ ನಿಂತಿತ್ತು.

ಆರಡಿ, ಮೇಲೊಂದು ಇಂಚು.

ನಾನು ಮಂಚದ ಅಂಚಿನ ಮೇಲೆ ಕುಸಿದು ಕೂತೆ. ನನ್ನ ಮುಖ ಏನಾಗಿತ್ತೋ, ರಹಮತ್ ಸಾಬರೇ ಗಾಬರಿಯಾಗಿ "ಏನಾಯ್ತು? ನೀರು ಕೊಡು ನಸೀಮಾ" ಎಂದರು. ಫೋನು ತೆಗೆದು ಅಣ್ಣನಿಗೆ ಹಚ್ಚಿ, ದನಿ ಎಲ್ಲರಿಗೂ ಕೇಳುವ ಹಾಗೆ ಇಟ್ಟೆ.

"ಅಣ್ಣಾ, ನಿನ್ನ ಆರಡಿ ಮಂಚ ಎಷ್ಟುದ್ದ?"

"ಸಾವಿರದ ಎಂಟುನೂರ ಐವತ್ತೈದು. ಯಾಕೆ?"

"ಆರಡಿ ಅಂದ್ರೆ ಸಾವಿರದ ಎಂಟುನೂರ ಮೂವತ್ತು. ನೀನೇ ಅಂದಿದ್ದೆ, ನಮ್ಮ ಊಟದ ಮೇಜಿನ ಮೇಲೆ."

ಆ ಕಡೆ ಮಿಷನ್ನುಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, "ಅದು ಕ್ಲಿಯರೆನ್ಸು ಕಣೇ" ಎಂದ.

"ಯಾತಕ್ಕೆ ಕ್ಲಿಯರೆನ್ಸು?"

"ಇರತ್ತೆ ಡ್ರಾಯಿಂಗಲ್ಲಿ. ಇರ್ಬೇಕು."

"ಡ್ರಾಯಿಂಗು ಹಾಕಿದ್ದು ಯಾರು?"

"ನಾನೇ."

"ಯಾವಾಗಿಂದ?"

"ಮೊದಲನೇ ಮಂಚದಿಂದ" ಎಂದ ಅಣ್ಣ, ಸಣ್ಣ ದನಿಯಲ್ಲಿ. "ಬೇರೆಯವರ ಡ್ರಾಯಿಂಗಿಗೆ ಮಾಡಿದ್ದು ಅದೊಂದೇ ಸಲ. ಈಗ್ಯಾಕೆ ಅದೆಲ್ಲಾ?"

ನಾನು ರಹಮತ್ ಸಾಬರ ಕಡೆ ನೋಡಿದೆ. ಅವರ ಬಾಯಿ ತೆರೆದೇ ಇತ್ತು. ಕೊನೆಗೆ ಹೊರಬಂದದ್ದು ಇಷ್ಟು:

"ಕೊಸರನ್ನ ಇಂಗ್ಲಿಷಲ್ಲಿ ಬರ್ಕೊಂಡವ್ನೆ, ಬದ್ಮಾಶ್!"

ಫೋನಿನ ಆಚೆ ಮಿಷನ್ನಿನ ಸದ್ದೂ ನಿಂತ ಹಾಗಾಯಿತು. "ಯಾರೇ ಅದು ಹಿಂದೆ?"

"ನಿನ್ನ ಮಂಚ ಕೊಂಡವರು."

"ಏನಂತೆ?"

"ವೆಲ್ಡಿಂಗ್ ಮಾಡಿದ ಕತ್ತೆ ಯಾವುದು ಅಂತ ಕೇಳು!" ಕುರ್ಚಿಯಿಂದ ರಹಮತ್ ಸಾಬರು ಕೂಗಿದರು. "ಎಡಗಡೆ ಕಾಲು ಕುಂಟ್ತದೆ. ಇಂಥಾ ಮಂಚ ಮಾಡೋಕೆ ಕಂಪ್ಯೂಟರ್ ಬೇಕಾಗಿತ್ತಾ?"

ಅಣ್ಣ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು. ಆಮೇಲೆ, "ನಾಳೆ ಬರ್ತೀನಿ ಅಂತ ಹೇಳು. ಅಲ್ಲೀವರೆಗೂ ಕಾಲಿಗೇನಾದ್ರೂ ಕೊಟ್ಕೊಂಡಿರಲಿ" ಎಂದ. ದನಿ ಅವನದಾಗಿರಲಿಲ್ಲ, ಶೆಡ್ಡಿನ ಕಾಲದ ಶೀನನದಾಗಿತ್ತು.

ಕೊಡಲು ನನ್ನ ಹತ್ತಿರ ಇತ್ತು. ಬ್ಯಾಗಿನಿಂದ ತುಂಡು ತೆಗೆದೆ. ರಹಮತ್ ಸಾಬರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಏನೆಂದು ನಾನು ಹೇಳಬೇಕಾಗಲಿಲ್ಲ. "ಇನ್ನೂ ಇಟ್ಕೊಂಡಿದ್ಯಾ?" ಎಂದು ಕೂಡ ಕೇಳಲಿಲ್ಲ. "ಓರೆ ಕತ್ತರಿಸವ್ನೆ. ಸಿಟ್ಟಲ್ಲಿ ಮಿಷನ್ ಹಿಡೀಬಾರದು ಅಂತ ಎಷ್ಟು ಸಲ ಹೇಳಿದ್ದೆ" ಎಂದು ನಸೀಮಾಳಿಗೆ ಕೊಟ್ಟು, "ಆ ಎಡಗಡೆ ಕಾಲಿಗೆ ಇಡು" ಎಂದರು.

ನಾವಿಬ್ಬರೂ ಹಿಡಿದು ಮೆಲ್ಲಗೆ ಮಂಚಕ್ಕೆ ಹತ್ತಿಸಿದೆವು. ಮಲಗಿದವರು ಕಣ್ಣು ಮುಚ್ಚಿ ಒಂದು ಗಳಿಗೆ ಕಾದರು, ಮಂಚ ಏನನ್ನುತ್ತದೋ ಎಂದು ಕೇಳುವವರ ಹಾಗೆ. ಅದು ಅಲ್ಲಾಡಲಿಲ್ಲ. ಆಮೇಲೆ ನೋವು ನುಂಗಿಕೊಂಡು, ಒಳ್ಳೆಯ ಸೊಂಟದ ಕಡೆಗೆ ನಿಧಾನವಾಗಿ ಹೊರಳಿದರು.

ನನಗೆ ಇನ್ನೂ ಆ ಗುಂಗು ಬಿಟ್ಟಿಲ್ಲ. ಕಣ್ಣೆದುರಿಗೇ ಕಿಡಿ ಹಾರಿಸಿ ಕತ್ತರಿಸಿದವನು ಇಷ್ಟು ಕಾಲ ಯಾರಿಗೂ ಹೇಳದೆ ಅದನ್ನೇ ಸೇರಿಸುತ್ತಾ ಬಂದಿದ್ದನಲ್ಲ! ಅಣ್ಣನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು ನಾನು. ಹಬ್ಬಕ್ಕೆ ಬಂದಾಗೆಲ್ಲ ಅವನ ಫ್ಯಾಕ್ಟರಿಯ ಮಾತು ಕೇಳಿದವಳು. ಒಂದು ಸಲವಾದರೂ ಅವನ ಮಂಚಕ್ಕೆ ಟೇಪು ಹಿಡಿಯಬೇಕೆಂದು ನನಗೆ ತೋಚಲಿಲ್ಲ. ಹತ್ತಿರದವರನ್ನು ನಾವು ಅಳೆಯುವುದೇ ಇಲ್ಲ; ಹಳೆಯ ಒಂದು ಅಳತೆ ಬರೆದಿಟ್ಟುಕೊಂಡು ಅದರಲ್ಲೇ ಕಾಲ ಹಾಕುತ್ತೇವೆ.

ಈಗ ನನ್ನ ಮಂಚ ಕುಂಟುತ್ತಿದೆ. ಮಡಿಸಿದ ರಟ್ಟು ಕೊಟ್ಟು ನೋಡಿದೆ, ಸರಿಹೋಗಲಿಲ್ಲ. ಬೆಳಿಗ್ಗೆ ಅಣ್ಣ ಫೋನು ಮಾಡಿ, ಮಾಲೂರು ಬಿಡುತ್ತಿದ್ದೇನೆ, ನೇರವಾಗಿ ಸಾಬರ ಮನೆಗೇ ಹೋಗುತ್ತೇನೆ, ಏನಾದರೂ ತರಬೇಕೇ ಎಂದು ಕೇಳಿದ.

"ಮಂಚದ ಕಾಲಿಗೆ ಒಂದು ತುಂಡು ಪೈಪು ಬೇಕು. ಒಂದಿಂಚು" ಎಂದೆ.

"ಇಪ್ಪತ್ತೈದು ಸಾಕಾ?"

"ಕೊಸರು ಹಾಕಿ ತಾ" ಎಂದೆ.